ಎಡಬಲದ ಸರಾಸರಿ

"ಬಾಯಿ ತೆಗಿ ಅಪ್ಪಾ."

ಅಪ್ಪ ತೆಗೆಯಲಿಲ್ಲ. ಹೊಸ ಹಲ್ಲುಸೆಟ್ಟನ್ನು ಅಂಗೈಯಲ್ಲಿ ಹಿಡಿದು ಸಂಶೋಧಕ ಮಗ ಊಟದ ಮೇಜಿನ ಪಕ್ಕ ಕಂಬದಂತೆ ನಿಂತಿದ್ದ. ಎಂಟು ತಿಂಗಳ ಹಿಂದೆ ಹಲ್ಲೆಲ್ಲ ಕೀಳಿಸಿಕೊಂಡ ಮೇಲೆ ಅಪ್ಪ ಮನೆಯವರ ಜೊತೆ ಊಟಕ್ಕೆ ಕೂತಿರಲಿಲ್ಲ. ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮೆತ್ತಗಿನದೇನೋ ನುಂಗುತ್ತಿದ್ದ. ಇವತ್ತು ಮಧ್ಯಾಹ್ನ ಎಲ್ಲರ ಜೊತೆ ಕೂರಿಸುತ್ತೇನೆಂದು ಮಗ ಹೆಂಡತಿಗೆ ಮಾತು ಕೊಟ್ಟಿದ್ದ.

ಅಳತೆಯ ಮೇಣ ಬಾಯಿಗಿಟ್ಟರೆ ಅಪ್ಪನಿಗೆ ವಾಂತಿ. ಅಳತೆಯೇ ಬೇಡ ಎಂದುಬಿಟ್ಟಿದ್ದ ಮಗ. ಎಂಟುನೂರ ನಲವತ್ತು ಬಾಯಿಗಳ ಪ್ಲಾಸ್ಟರ್ ಅಚ್ಚುಗಳು ಅವನ ಕಪಾಟಿನಲ್ಲಿದ್ದವು. ಹಲ್ಲಿನ ಸಾಲು ಬಿಲ್ಲಿನಂತೆ ಬಾಗುವ ಬಗೆಯನ್ನೆಲ್ಲ ಅವನು ನಾಲ್ಕು ಸಂಖ್ಯೆಗಳಿಗೆ ಇಳಿಸಿದ್ದ. ಮುಖದ ಅಗಲ, ಎತ್ತರ, ವಯಸ್ಸು ಕೊಟ್ಟರೆ ಸಾಕು, ಕಂಪ್ಯೂಟರು ಬಾಯಿ ಬರೆದುಕೊಡುತ್ತಿತ್ತು.

ಹಲ್ಲಿನ ಡಾಕ್ಟರು ಹೇಳಿ ನೋಡಿದ್ದರು. "ಎಡಗಡೆ ವಸಡು ತುಂಬ ತಗ್ಗಿದೆ ಕಣ್ರೀ. ನಿಮ್ಮಪ್ಪ ಟೈಲರ್ ಅಲ್ವಾ, ಐವತ್ತು ವರ್ಷ ದಾರ ಕಡಿದದ್ದು ಆ ಕಡೆಯಿಂದಲೇ."

"ಎಡಬಲದ ವ್ಯತ್ಯಾಸ ಬರೀ ಕಸ. ಎರಡನ್ನೂ ಮಡಚಿ ಸರಾಸರಿ ತೆಗೀತೀವಿ," ಎಂದಿದ್ದ ಮಗ.

"ಅಚ್ಚಿಗೆ ಸರಿ. ತಿನ್ನೋರಿಗೆ?"

"ನೀವು ಕಟ್ಟಿಕೊಡಿ, ಸಾಕು."

ಈಗ ಸೊಸೆ ತಟ್ಟೆ ಇಡುತ್ತಾ ಅಂದಳು: "ಹಾಕ್ಕೊಂಡುಬಿಡಿ ಮಾವ. ಎಂಟು ತಿಂಗಳಿಂದ ಇವರು ನನ್ನ ತಲೆ ತಿಂದಿದ್ದಾರೆ. ನೀವಾದರೂ ಊಟ ತಿನ್ನಿ."

ಅಪ್ಪ ನಕ್ಕ. ಅವನ ನಗು ಹುಟ್ಟುವುದೇ ಒಂದು ಪಕ್ಕದಲ್ಲಿ. ಆ ಸಂದಿನಲ್ಲೇ ಮಗ ಸೆಟ್ಟನ್ನು ಕೂರಿಸಿದ. ನಗು ನೆಟ್ಟಗಾಯಿತು. ಬೇಸಿನ್ನಿನ ಮೇಲಿದ್ದ ಕನ್ನಡಿಯನ್ನು ಅಪ್ಪ ಬಹಳ ಹೊತ್ತು ನೋಡಿದ.

"ಯಾರದೋ ಇದು?"

"ಯಾರದೂ ಅಲ್ಲ. ಎಂಟುನೂರ ನಲವತ್ತು ಜನರದ್ದು ಸೇರಿಸಿ ತೆಗೆದದ್ದು."

"ಅಷ್ಟೂ ಜನರ ಎಂಜಲು ನನ್ನ ಬಾಯಿಗೆ ಹಾಕಿದೆಯಾ."

"ಮಾತು ಬೇಡ. ಕಚ್ಚಿ ನೋಡು," ಎಂದು ಮಗ ಸೇಬು ಕೊಟ್ಟ.

"ಮೊದಲು ಮೆತ್ತಗಿನದು ಕೊಡ್ರೀ," ಎಂದಳು ಹೆಂಡತಿ.

"ಸೇಬನ್ನೇ ಕಚ್ಚಲಿ."

ಅಪ್ಪ ಕಚ್ಚಿದ. ಸೆಟ್ಟು ಎಡಗಡೆ ಎದ್ದಿತು, ಏನೋ ಜಾರಿತು. ಕೈ ಕೆಳಗಿಳಿದಾಗ ಮೇಲಿನ ಸಾಲು ಸೇಬಿನಲ್ಲೇ ಉಳಿದಿತ್ತು. ತುಟಿಯ ಮೇಲೆ ದಾರದೆಳೆಯಷ್ಟು ರಕ್ತ. ಅಪ್ಪ ಕೆಳಗಿನ ಸಾಲನ್ನೂ ತೆಗೆದು ತಟ್ಟೆಯ ಅಂಚಿಗಿಟ್ಟ. ಮೇಜಿಗೆ ಬೆನ್ನು ಹಾಕಿ ಕೋಣೆಗೆ ಹೋದ. ಚಿಲಕ ಬಿತ್ತು.

"ಹೋಗಿ ಕರೀರಿ," ಎಂದಳು ಹೆಂಡತಿ.

ಮಗ ಜೇಬಿನಿಂದ ಅಳತೆಯ ಕ್ಯಾಲಿಪರ್ ತೆಗೆದಿದ್ದ. ಸೇಬಿನಲ್ಲಿದ್ದ ಸಾಲಿನ ನಡುವಿನಿಂದ ಕೊನೆಯ ದವಡೆಹಲ್ಲಿಗೆ, ಎಡಕ್ಕೆ ಇಪ್ಪತ್ತೇಳು ಪಾಯಿಂಟ್ ನಾಲ್ಕು ಮಿಲಿಮೀಟರ್. ಬಲಕ್ಕೂ ಇಪ್ಪತ್ತೇಳು ಪಾಯಿಂಟ್ ನಾಲ್ಕು.

"ಹಲ್ಲಿನಲ್ಲಿ ತಪ್ಪಿಲ್ಲ," ಎಂದ. "ವಸಡನ್ನೇ ಸರಿಮಾಡಿಸಬೇಕು."

ಹೆಂಡತಿ ತನ್ನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಯಾರೂ ಕೂರದ ಮೇಜಿನ ಮೇಲೆ ಸೇಬು, ಯಾರದೂ ಅಲ್ಲದ ಹಲ್ಲುಗಳಿಂದ ತನ್ನನ್ನೇ ತಾನು ಕಚ್ಚಿ ಹಿಡಿದು, ಒಂಚೂರೂ ವಾರೆಯಿಲ್ಲದೆ ಅವನತ್ತ ನಗುತ್ತಿತ್ತು.