ಗುಂಪಿನ ಬೆಳಕಲ್ಲ

ಖಗೋಳ ಸಂಸ್ಥೆಯ ಮುಖ್ಯಸ್ಥರು ಸಂಶೋಧನಾ ಪ್ರಬಂಧದಿಂದ ಅವಳ ಹೆಸರನ್ನು ತೆಗೆದರು.

ಉಳಿದ ಹೆಸರುಗಳೆಲ್ಲ ಗಂಡಸರವು. ಅವರಲ್ಲಿ ಇಬ್ಬರಂತೂ ಪ್ರಬಂಧದ ವಿಷಯವಾದ ಗೆಲಾಕ್ಸಿಯ ಚಿತ್ರವನ್ನು ಕಣ್ಣೆತ್ತಿಯೂ ನೋಡಿದವರಲ್ಲ. ಅವಳು ಗುತ್ತಿಗೆಯವಳು. ವರ್ಷಕ್ಕೊಮ್ಮೆ ಮುಖ್ಯಸ್ಥರ ಸಹಿ ಬಿದ್ದರೆ ಕೆಲಸ, ಬೀಳದಿದ್ದರೆ ಮನೆ. ದಿನವಿಡೀ ಪರದೆಯ ಮೇಲಿನ ಚುಕ್ಕಿಗಳನ್ನೇ ದಿಟ್ಟಿಸುತ್ತಾಳೆಂದು ಸಂಸ್ಥೆಯವರು ಗೇಲಿಗೆ ಅವಳನ್ನು ‘ಚುಕ್ಕಿ’ ಎಂದು ಕರೆದಿದ್ದರು. ಅವಳು ಅದನ್ನೇ ಬಿರುದಿನಂತೆ ತೊಟ್ಟುಕೊಂಡಿದ್ದಳು.

ದೂರದ ಗೆಲಾಕ್ಸಿಯ ಅಂಚಿನಲ್ಲೊಂದು ನಕ್ಷತ್ರಗುಚ್ಛ. ಲಕ್ಷಾಂತರ ಮುದಿ ನಕ್ಷತ್ರಗಳು ಅಲ್ಲಿ ಜೇನುಹುಟ್ಟಿನಂತೆ ಒತ್ತಿಕೊಂಡಿವೆ. ನಮ್ಮ ಕಣ್ಣಿಗೆ ಇಡೀ ಗುಚ್ಛವೇ ಸಾಸಿವೆಯಷ್ಟು. ಕ್ಷ-ಕಿರಣದ ದೂರದರ್ಶಕದಲ್ಲಿ ಮಾತ್ರ ಅದು ಧಗಧಗಿಸುತ್ತಿತ್ತು. ಹನಿಗೂಡಿದರೆ ಹಳ್ಳ, ಹತ್ತಾರು ಸಣ್ಣ ಮೂಲಗಳ ಬೆಳಕು ಸೇರಿ ಹಾಗೆ ಕಾಣುತ್ತದೆ ಎಂದು ಮುಖ್ಯಸ್ಥರು ತಳ್ಳಿಹಾಕಿದ್ದರು. ಚುಕ್ಕಿ ಪಟ್ಟು ಬಿಡಲಿಲ್ಲ. ಹಳೆಯ ವೀಕ್ಷಣೆಗಳನ್ನೆಲ್ಲ ಜಾಲಾಡಿ, ಆ ಬೆಳಕು ಕೆಲವೇ ಗಂಟೆಗಳಲ್ಲಿ ಕಾಲುಭಾಗಕ್ಕೆ ಕುಸಿದದ್ದನ್ನು ಹಿಡಿದಳು. ಬೀದಿಯ ದೀಪಗಳೆಲ್ಲ ಒಳಒಪ್ಪಂದ ಮಾಡಿಕೊಂಡು ಒಟ್ಟಿಗೇ ಮಂಕಾಗುವುದುಂಟೆ? ಅಲ್ಲಿರುವುದು ಒಂದೇ ಮೂಲ: ಪಕ್ಕದ ನಕ್ಷತ್ರವನ್ನು ಹೀರುತ್ತಿರುವ, ಬಹುಶಃ, ಒಂದು ಕಪ್ಪುಕುಳಿ. ಅದರ ಬಾಯಿಗೆ ಬೀಳುವ ಮುನ್ನ ಕಾದು ಉರಿಯುವ ಅನಿಲದ್ದೇ ಅಷ್ಟೂ ಬೆಳಕು.

ಹೆಸರು ಯಾಕಿಲ್ಲವೆಂದು ಕೇಳಲು ಹೋದಾಗ ಮುಖ್ಯಸ್ಥರು ಕೂರಲೂ ಹೇಳಲಿಲ್ಲ. ಇದು ಗುಂಪಿನ ಕೆಲಸ, ಗುಂಪಿನಲ್ಲಿ ನನ್ನದು ನಿನ್ನದು ಎಂಬುದಿಲ್ಲ ಎಂದರು. ಅವಳ ಹೊಸ ಗುತ್ತಿಗೆಗೆ ಇನ್ನೂ ಸಹಿಯಾಗಿಲ್ಲ ಎಂಬುದನ್ನೂ, ಮೋಡ ಕವಿದಿದೆ ಎನ್ನುವಷ್ಟು ಸಲೀಸಾಗಿ, ಸೇರಿಸಿದರು. ಈ ಶೋಧದ ಬಗ್ಗೆ ಅವರು ಕೊಡಲಿದ್ದ ಸಾರ್ವಜನಿಕ ಉಪನ್ಯಾಸದ ದಿನ ಅವಳು ಕಂಪ್ಯೂಟರಿನ ಮುಂದೆ ಕೂತು ಚಿತ್ರ ಬದಲಿಸಬೇಕು, ಅಷ್ಟೆ.

ಅಷ್ಟರಲ್ಲಿ ಆ ಉಪನ್ಯಾಸಕ್ಕೆ ಅವಳು ಅಮ್ಮನನ್ನು ಕರೆದಾಗಿತ್ತು. ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಇಸ್ತ್ರಿ ಮಾಡುವ ಅಮ್ಮ, ತನ್ನ ಮಗಳು ಆಕಾಶದಲ್ಲಿ ಏನನ್ನೋ ಕಂಡುಹಿಡಿದಿದ್ದಾಳೆಂದು ಬೀದಿಗೆಲ್ಲ ಟಾಂಟಾಂ ಹೊಡೆದಿದ್ದಳು. ಉಪನ್ಯಾಸದ ದಿನ ಚಿಕ್ಕಮ್ಮನನ್ನೂ ಎಳೆತಂದು, ಚುಕ್ಕಿಯ ಮೇಜಿನ ಹಿಂದಿನ ಸಾಲಿನಲ್ಲೇ ಎದೆ ಸೆಟೆಸಿ ಕೂತಳು.

“ಕಪ್ಪಗಿರೋದು ಇವಳಿಗೆ ಹೇಗೆ ಕಾಣಿಸ್ತಂತೆ?” ಎಂದು ಚಿಕ್ಕಮ್ಮ ಕಿಚಾಯಿಸಿದಳು.

“ನಿನ್ನ ಹಸಿವು ನಮಗೆ ಕಾಣತ್ತಾ? ಊಟಕ್ಕೆ ಮುಂಚೆ ನೀನು ಮಾಡೋ ರಂಪಾಟ ಕಾಣತ್ತೆ. ಇದೂ ಹಾಗೇ,” ಎಂದಳು ಅಮ್ಮ. ಮಗಳು ಹೇಳಿಕೊಟ್ಟದ್ದಕ್ಕೆ ತನ್ನದೇ ಒಗ್ಗರಣೆ.

ಚುಕ್ಕಿಗೆ ನಗು ಬಂತು. ಆದರೆ ದೀಪಗಳು ಆರಿ, ಪರದೆಯ ಮೇಲೆ ಪ್ರಬಂಧದ ಮೊದಲ ಪುಟ ಮೂಡಿತು. ಅಮ್ಮನ ಬೆರಳು ಗಾಳಿಯಲ್ಲೇ ಒಂದೊಂದು ಹೆಸರಿನ ಕೆಳಗೂ ಸರಿಯಿತು. ಕೊನೆ ಮುಟ್ಟಿ ಮತ್ತೆ ಮೊದಲಿಗೆ ಬಂತು. ಮೂರನೇ ಸಲ ಬೆರಳು ಎತ್ತದೆ ಅಮ್ಮ ಮಗಳತ್ತ ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ತನಗೇ ಓದಲು ಬರಲಿಲ್ಲವೇನೋ ಎಂಬ ನಾಚಿಕೆಯಿತ್ತು. ತನ್ನ ಹೆಸರು ಹೋದದ್ದನ್ನು ನುಂಗಿಕೊಂಡಿದ್ದ ಚುಕ್ಕಿಗೆ ಆ ನಾಚಿಕೆಯನ್ನು ನುಂಗಲಾಗಲಿಲ್ಲ.

“ಮುಂದಿನ ಚಿತ್ರ ಹಾಕಮ್ಮ,” ಎಂದರು ಮುಖ್ಯಸ್ಥರು ವೇದಿಕೆಯಿಂದ.

ಚುಕ್ಕಿ ಕೀಲಿಮಣೆಯ ಮೇಲಿಂದ ಕೈ ತೆಗೆದು ಎದ್ದು ನಿಂತಳು.

“ಹಾಕಲ್ಲ ಸರ್. ಅದರಲ್ಲಿರೋದು ಗುಂಪಿನ ಬೆಳಕಲ್ಲ, ಒಂದರದ್ದೇ ಅಂತ ಕಂಡುಹಿಡಿದವಳು ನಾನು. ಈ ಪುಟದಲ್ಲಿ ನನ್ನ ಹೆಸರು ಬರಲಿ, ಆಮೇಲೆ ಹಾಕ್ತೀನಿ.”

ಮುಖ್ಯಸ್ಥರು ಮುಖದ ನಗೆ ಮಾಸದಂತೆ ಕೆಳಗಿಳಿದು ಬಂದು, ಅವಳಿಗಷ್ಟೇ ಕೇಳುವಂತೆ, ನಾಳೆಯೂ ಈ ಕಟ್ಟಡದೊಳಗೆ ಕಾಲಿಡುವ ಆಸೆಯಿದ್ದರೆ ತೆಪ್ಪಗೆ ಕೂತು ಹೇಳಿದ್ದನ್ನು ಮಾಡು ಎಂದರು.

ಹಿಂದಿನ ಸಾಲಿನಲ್ಲಿ ಅಮ್ಮ ಮತ್ತೆ ಎದೆ ಸೆಟೆಸಿ ಕೂತಿದ್ದಳು.

“ಕೂರಲ್ಲ,” ಎಂದಳು ಚುಕ್ಕಿ, ಎಲ್ಲರಿಗೂ ಕೇಳುವಂತೆ.