ಎಡಕ್ಕೆ ಮಲಗಿದ ಗುಡ್ಡ

ಫೋಟೊಗಳನ್ನು ತಿದ್ದುವುದು ಅವನ ಕಸುಬು. ತಿದ್ದೀ ತಿದ್ದೀ ಈಚೆಗೆ ಅವನಿಗೆ ಮುಖಗಳೇ ಕಾಣುತ್ತಿರಲಿಲ್ಲ. ಪರದೆಯ ಮೂಲೆಯ ಹಿಸ್ಟೊಗ್ರಾಮ್ ಮಾತ್ರ ಕಾಣುತ್ತಿತ್ತು. ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು, ಯಾವುದು ಎಷ್ಟಿದೆಯೋ ಅಲ್ಲಿ ಅಷ್ಟೆತ್ತರದ ಗುಡ್ಡ. ಗುಡ್ಡ ನಟ್ಟನಡುವೆ ನಿಂತರೆ ಫೋಟೊ ಸರಿ ಎಂದು ನಂಬಿ, ಮಧ್ಯಾಹ್ನದ ಮಂಪರಿನಲ್ಲಿ ಗುಡ್ಡಗಳನ್ನು ಮೋಡಗಳಂತೆ ತೇಲಿಸುತ್ತಾ ಕೂತಿರುತ್ತಿದ್ದ.

ಒಮ್ಮೆ ಅತ್ತೆ ತಾವು ಸಾಕಿದ್ದ, ಈಗ ತೀರಿಹೋದ ಕರಿಬೆಕ್ಕಿನ ಫೋಟೊ ತಂದರು. ಕಪ್ಪು ಸೋಫಾದ ಮೇಲೆ ಅದು ನಿದ್ದೆಗಣ್ಣಿನಲ್ಲಿತ್ತು. ಗುಡ್ಡವೆಲ್ಲ ಎಡಗೋಡೆಗೆ ಒತ್ತಿಕೊಂಡಿತ್ತು. ಅವನು ಅದನ್ನು ಮೆಲ್ಲಗೆ ನಡುವಿಗೆ ಎಳೆತಂದು ತೋರಿಸಿದ.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿದೆ. ಯಾರ ಮನೆ ಬೆಕ್ಕು ಇದು?"

ಅವನು ಬೆರಳಿಟ್ಟು ತೋರಿಸಿದ. "ಗುಡ್ಡ ಸರಿಯಾಗೇ ಇದೆಯಲ್ಲ ಅತ್ತೆ."

"ಇರಬಹುದು ಅಳಿಯಂದ್ರೇ. ನಮ್ಮ ಬೆಕ್ಕು ಕಪ್ಪಗಿತ್ತು."

ಆಗ ಅವನು ಗುಡ್ಡ ಬಿಟ್ಟು ಫೋಟೊ ನೋಡಿದ. ಬೂದಿ ಮೆತ್ತಿಕೊಂಡಂಥ ಪ್ರಾಣಿಯೊಂದು ಅವನನ್ನೇ ನೋಡುತ್ತಿತ್ತು. ಎಳೆದದ್ದನ್ನೆಲ್ಲ ಹಿಂದಕ್ಕೆ ಬಿಟ್ಟ. ಗುಡ್ಡ ಜಾರುತ್ತಾ ಎಡಕ್ಕೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಮುದುಡಿಕೊಂಡಿತು. ಬಲತುದಿಯಲ್ಲಿ ಸಣ್ಣ ಗೆರೆಯೊಂದು ಮಾತ್ರ ಉಳಿಯಿತು, ಅರೆತೆರೆದ ಕಣ್ಣುಗಳ ಮಿನುಗು.

ಅತ್ತೆ ಪರದೆಯತ್ತ ಬಾಗಿ, ಎಲ್ಲಿ ಎಚ್ಚರವಾದೀತೋ ಎಂಬಂತೆ ಪಿಸುಗುಟ್ಟಿದರು: "ಮಲಗಿರ್ಲಿ ಬಿಡಿ."