ಮೊದಲ ರೋಲಿನ ಕೊನೆಯ ಫೋಟೋ

ಅಗ್ಗಕ್ಕೆ ಸಿಕ್ಕಿತೆಂದು ನಾನು ಕೊಂಡು ತಂದ ಹಳೆಯ ಆಟೋಫೋಕಸ್ ಕ್ಯಾಮೆರಾ ನೋಡಿ ಅಣ್ಣ ಮೂಗು ಮುರಿದ. ಅಪ್ಪನೂ ಅವನೂ ನಡೆಸುವ ಸ್ಟುಡಿಯೋದಲ್ಲಿ, ಲೆನ್ಸನ್ನು ಕೈಯಿಂದ ತಿರುಗಿಸಿ ಫೋಕಸ್ ಮಾಡಿ ತೆಗೆಯದಿದ್ದರೆ ಅದು ಫೋಟೋವೇ ಅಲ್ಲ.

"ಇದ್ರಲ್ಲಿ ಫೋಟೋ ತೆಗೆಯೋದು ಕ್ಯಾಮೆರಾ ಕಣಮ್ಮ, ನೀನಲ್ಲ," ಎಂದ.

ಪಿತ್ತ ನೆತ್ತಿಗೇರಿತು. ಹಟಕ್ಕೆ ಬಿದ್ದು ರೋಲು ಮುಗಿಸಿದೆ. ಕೊನೆಯದಕ್ಕೆ ಅಪ್ಪ, ಅಣ್ಣ ಇಬ್ಬರನ್ನೂ ಸ್ಟುಡಿಯೋದೊಳಗೆ ಅಕ್ಕಪಕ್ಕ ನಿಲ್ಲಿಸಿದೆ. ನಡುವೆ ಮೊಳದಷ್ಟು ಜಾಗ ಬಿಟ್ಟು ಸೆಟೆದು ನಿಂತರು.

ಈ ಕ್ಯಾಮೆರಾ ನಟ್ಟನಡುವೆ ಇರುವುದನ್ನೇ ನೋಡುತ್ತದೆಂದು ನನಗೆ ಗೊತ್ತಿರಲಿಲ್ಲ. ಪ್ರಿಂಟಿನಲ್ಲಿ ಇಬ್ಬರ ಮುಖವೂ ಮಸುಕು. ನಡುವಿನ ಸಂದಿಯಲ್ಲಿ, ಹಿಂದೆ ಡಾರ್ಕ್‌ರೂಮಿನ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತಿದ್ದ ಅತ್ತಿಗೆ ಮಾತ್ರ ಸ್ಪಷ್ಟ. ಹದಿನೈದು ವರ್ಷದಿಂದ ಸ್ಟುಡಿಯೋದ ಫಿಲ್ಮೆಲ್ಲ ತೊಳೆಯುವವಳು ಅವಳೇ. ಬೋರ್ಡಿನಲ್ಲಿರುವುದು ಅಪ್ಪ-ಮಗನ ಹೆಸರು.

ಅಣ್ಣ ಬಿದ್ದು ಬಿದ್ದು ನಕ್ಕ. "ಕೆಟ್ಟೋಗಿದೆ, ಹರಿದು ಬಿಸಾಕು."

"ಯಾಕೆ ಹರೀಲಿ? ಫೋಟೋ ತೆಗೆಯೋದು ಕ್ಯಾಮೆರಾ ಅಂದವನು ನೀನೇ. ಅದಕ್ಕೆ ಕಂಡಿದ್ದು ಅತ್ತಿಗೆ."

ಅತ್ತಿಗೆ ನೆಗೆಟಿವ್ ಎತ್ತಿಕೊಂಡು ಡಾರ್ಕ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಬಂದಾಗ ಅವಳ ಕೈಯಲ್ಲಿ ಅದೇ ಫೋಟೋ ಇತ್ತು, ಬೀದಿಗೆ ಕಾಣುವ ಶೋಕೇಸಿನ ಗಾಜಿನಷ್ಟು ದೊಡ್ಡದು.